ಪೆನಿಸಿಲಿನ್ ಬಯೋಸೆನ್ಸರ್ ಕಡಿಮೆ ಅಳತೆ ತೋರಿಸುತ್ತಿರುವ ಕುರಿತು ದೂರು

ಇವರಿಗೆ,
ಮುಖ್ಯಸ್ಥರು, ಸೇವಾ ವಿಭಾಗ, ಬೆಂಗಳೂರು

ಇವರಿಂದ,
ಫರ್ಮೆಂಟೇಶನ್ ವಿಭಾಗ, ಪಿಂಪ್ರಿ, ಪುಣೆ

ಮಾನ್ಯರೇ,

ತಮ್ಮಿಂದ ಖರೀದಿಸಿದ ಪೆನಿಸಿಲಿನ್ ಬಯೋಸೆನ್ಸರ್ ಕಳೆದ ಮೂರು ಬ್ಯಾಚುಗಳಲ್ಲಿ ಬ್ರಾತ್‌ನಲ್ಲಿರುವ (ಶಿಲೀಂಧ್ರ ಬೆಳೆಯುವ ಪೋಷಕ ದ್ರವದಲ್ಲಿರುವ) ಪೆನಿಸಿಲಿನ್ ಅನ್ನು ಸತತವಾಗಿ ಕಡಿಮೆ ತೋರಿಸಿದೆ. ಎರಡು ಬಾರಿ ಫೋನಿನಲ್ಲಿ ತಿಳಿಸಿದಾಗಲೂ ಕಿಣ್ವದ ಕಾರ್ಟ್ರಿಜ್ ಬದಲಿಸಿ ಎಂಬುದಷ್ಟೇ ಉತ್ತರವಾದ್ದರಿಂದ ಈ ಪತ್ರ ಬರೆಯಬೇಕಾಯಿತು. ತಮ್ಮ ಎಂಜಿನಿಯರೂ ನಮ್ಮ ಪಾಳಿಯ ಹಲವರೂ ಧಾರವಾಡ, ಬೆಳಗಾವಿ ಕಡೆಯವರು. ಯಂತ್ರ ಕೂರಿಸುವಾಗಿನ ಮಾತೆಲ್ಲ ಕನ್ನಡದಲ್ಲೇ ನಡೆದಿದ್ದರಿಂದ ದೂರನ್ನೂ ಕನ್ನಡದಲ್ಲೇ ಕೊಡುತ್ತಿದ್ದೇನೆ.

ಹಿಂದಿನ ಬ್ಯಾಚಿನ ಐದನೆಯ ದಿನ ರಾತ್ರಿ ಸೆನ್ಸರ್ ಲೀಟರಿಗೆ 22 ಗ್ರಾಂ ತೋರಿಸಿ ಅಲ್ಲಿಯೇ ನಿಂತಿತು. ಶಿಲೀಂಧ್ರ ದಣಿದಿದೆ ಎಂದು ಭಾವಿಸಿ ಬ್ಯಾಚನ್ನು ಇಳಿಸುವ ತಯಾರಿ ಮಾಡಿದ್ದೆವು. ಮೂವತ್ತು ವರ್ಷ ಈ ಕೆಲಸದಲ್ಲಿರುವ ನಮ್ಮ ಹಿರಿಯ ಆಪರೇಟರ್ ಬ್ರಾತ್‌ನ ಬಣ್ಣ ನೋಡಿ ಒಪ್ಪದೆ ತಡೆದರು. ಬೆಳಗ್ಗೆ ಬಂದ ಎಚ್‌ಪಿಎಲ್‌ಸಿ (ದ್ರವದ ಘಟಕಗಳನ್ನು ಬೇರ್ಪಡಿಸಿ ಅಳೆಯುವ ಪ್ರಯೋಗಾಲಯ ವಿಧಾನ) ವರದಿಯಲ್ಲಿ 31 ಗ್ರಾಂ ಇತ್ತು. ಆ ವರದಿಗಾಗಿ ಗಂಟೆಗಟ್ಟಲೆ ಕಾಯಬಾರದೆಂದೇ ಅಲ್ಲವೇ ನಾವು ಸೆನ್ಸರ್ ಕೊಂಡದ್ದು?

ಕಾರ್ಟ್ರಿಜ್ ಬದಲಿಸಿಯೂ ನೋಡಿದೆವು. ಕಿಣ್ವವು 121 ಡಿಗ್ರಿ ಸೆಲ್ಸಿಯಸ್ ಹಬೆಯನ್ನು ತಾಳದ್ದರಿಂದ ಸೆನ್ಸರನ್ನು ಫರ್ಮೆಂಟರಿನ ಹೊರಗಿಟ್ಟು, ಫಿಲ್ಟರ್ ಮೂಲಕ ಮಾದರಿ ಕೊಡುತ್ತೇವೆ. ಎಚ್‌ಪಿಎಲ್‌ಸಿಗೂ ಅದೇ ಕೊಳವೆಯ ಮಾದರಿಯೇ ಹೋಗುವುದರಿಂದ ಫಿಲ್ಟರ್ ಕಟ್ಟಿಕೊಂಡಿದೆ ಎನ್ನುವಂತಿಲ್ಲ. ತಾವು ಕಳಿಸಿದ ಪ್ರಮಾಣಿತ ದ್ರಾವಣಗಳಲ್ಲಿ ಯಂತ್ರ ಸರಿಯಾಗಿಯೇ ಓದುತ್ತದೆ. ಆದರೆ ಬ್ರಾತ್‌ಗೆ ಲೀಟರಿಗೆ 5 ಗ್ರಾಂನಂತೆ ಶುದ್ಧ ಪೆನಿಸಿಲಿನ್ ಜಿ ಬೆರೆಸಿದಾಗ ಅಳತೆ ಏರಿದ್ದು 3.5 ಗ್ರಾಂ ಮಾತ್ರ.

ಕಾರಣ ಇಲ್ಲಿ ಸ್ಪಷ್ಟವಾಗುತ್ತದೆ. ಪೆನಿಸಿಲಿನೇಸ್ ಕಿಣ್ವವು ಬೀಟಾ-ಲ್ಯಾಕ್ಟಮ್ ಉಂಗುರವನ್ನು ಒಡೆದು ಪೆನಿಸಿಲೋಯಿಕ್ ಆಮ್ಲ ಉಂಟಾದಾಗ ಹೊರಬೀಳುವ ಪ್ರೋಟಾನ್‌ಗಳು ಪಿಎಚ್ ಅನ್ನು ಎಷ್ಟು ಇಳಿಸುತ್ತವೆ ಎಂಬುದನ್ನೇ ತಮ್ಮ ಯಂತ್ರ ಪೆನಿಸಿಲಿನ್‌ನ ಅಳತೆಯೆಂದು ಓದುತ್ತದೆ. ಆ ಇಳಿತ ಪೆನಿಸಿಲಿನ್ ಒಂದನ್ನೇ ಅವಲಂಬಿಸಿರದೆ, ಮಾದರಿ ಎಷ್ಟು ಬಲವಾದ ಬಫರ್, ಅಂದರೆ ಪಿಎಚ್ ಬದಲಾವಣೆಯನ್ನು ಎಷ್ಟು ತಡೆಯುತ್ತದೆ ಎಂಬುದನ್ನೂ ಅವಲಂಬಿಸಿರುತ್ತದೆ. ಪೋಷಕವಾಗಿ ಬಳಸುವ ಕಾರ್ನ್ ಸ್ಟೀಪ್ ಲಿಕರ್‌ನಿಂದ (ಮೆಕ್ಕೆಜೋಳ ನೆನೆಸಿದ ನೀರಿನ ಸಾರದಿಂದ) ಬಂದ ಫಾಸ್ಫೇಟ್, ಅಮೈನೋ ಆಮ್ಲಗಳು, ಕರಗಿದ ಕಾರ್ಬನ್ ಡೈಆಕ್ಸೈಡ್ ಎಲ್ಲವೂ ಇರುವ ಬ್ರಾತ್ ಆ ಇಳಿತವನ್ನು ತಡೆಯುತ್ತದೆ. ತಿಳಿಯಾದ, ದುರ್ಬಲ ಬಫರಿನಲ್ಲಿ ಮಾಡಿದ ಕ್ಯಾಲಿಬ್ರೇಶನ್ (ಅಳತೆಯ ಹೊಂದಾಣಿಕೆ) ಇಂಥ ಬ್ರಾತ್‌ಗೆ ಹೇಗೆ ಹೊಂದೀತು? ಕೈಪಿಡಿಯಲ್ಲಿ ಈ ಕುರಿತು ಒಂದು ಸಾಲೂ ಇಲ್ಲದಿರುವುದು ನಮಗೆ ಹೆಚ್ಚು ಬೇಸರ ತಂದಿದೆ.

ಆದ್ದರಿಂದ ತಮ್ಮ ಎಂಜಿನಿಯರ್ ಇಲ್ಲಿಗೆ ಬಂದು, ಪೆನಿಸಿಲಿನ್ ಇನ್ನೂ ಹುಟ್ಟದ ನಮ್ಮದೇ ಬ್ರಾತ್‌ನಲ್ಲಿ ಕ್ಯಾಲಿಬ್ರೇಶನ್ ಮಾಡಬೇಕು; ಮಾದರಿಯನ್ನು ಈಗಿನದಕ್ಕಿಂತ ಹೆಚ್ಚು ತೆಳುಗೊಳಿಸುವಂತೆ ಪಂಪನ್ನು ಹೊಂದಿಸಬೇಕು; ಕಿಣ್ವವಿಲ್ಲದ ಎರಡನೆಯ ಎಲೆಕ್ಟ್ರೋಡನ್ನೂ ಜೋಡಿಸಿ, ಬ್ರಾತ್‌ನ ಪಿಎಚ್ ತಾನಾಗಿಯೇ ಬದಲಾದಾಗ ಆ ಬದಲಾವಣೆಯನ್ನು ಅಳತೆಯಿಂದ ಕಳೆಯಲು ಅನುವು ಮಾಡಿಕೊಡಬೇಕು. ಮುಂದಿನ ಬ್ಯಾಚ್ ಇದೇ ತಿಂಗಳ 18ರಂದು ಆರಂಭವಾಗಲಿದ್ದು, ಈ ಕೆಲಸ ಅದಕ್ಕೂ ಮೊದಲೇ ಮುಗಿಯಬೇಕು. ಅಲ್ಲಿಯವರೆಗೆ ವಾರ್ಷಿಕ ನಿರ್ವಹಣೆಯ ಬಾಕಿ ಕಂತನ್ನು ತಡೆಹಿಡಿಯಲಾಗಿದೆ. ಮೂರೂ ಬ್ಯಾಚುಗಳ ಅಳತೆಯ ದಾಖಲೆಗಳನ್ನು ಇದರೊಂದಿಗೆ ಲಗತ್ತಿಸಿದ್ದೇನೆ.

ತಮ್ಮ ವಿಶ್ವಾಸಿ,
ಪಾಳಿ ಮೇಲ್ವಿಚಾರಕ, ಫರ್ಮೆಂಟೇಶನ್ ವಿಭಾಗ