ಆಂಟೆನಾ ತಪ್ಪಿಗೆ ರೇಡಿಯೊ ದೂರುವುದೇಕೆ?

ಮಾನ್ಯ ಸಂಪಾದಕರೇ,

ಲಾರಿಗೆ ಸಿ.ಬಿ. ರೇಡಿಯೊ (ಚಾಲಕರು ತಮ್ಮತಮ್ಮಲ್ಲಿ ಮಾತಾಡಿಕೊಳ್ಳುವ ಸಿಟಿಜನ್ಸ್ ಬ್ಯಾಂಡ್ ರೇಡಿಯೊ) ಹಾಕಿಸುವವರು ಸೆಟ್ಟಿಗೆ ಧಾರಾಳವಾಗಿ ಹಣ ಸುರಿದು, ಆಂಟೆನಾ ವಿಷಯ ಬಂದಾಗ ಕೈ ಬಿಗಿಹಿಡಿಯುತ್ತಾರೆ. 27 ಮೆಗಾಹರ್ಟ್ಸ್ ಆಸುಪಾಸಿನಲ್ಲಿ ಕೆಲಸ ಮಾಡುವ ಈ ರೇಡಿಯೊದ ತರಂಗಾಂತರ ಸುಮಾರು 11 ಮೀಟರ್ ಇರುವುದರಿಂದ, ಅದರ ಕಾಲು ಭಾಗದಷ್ಟು ಉದ್ದದ ಆಂಟೆನಾ ಎಂದರೂ ಹತ್ತಿರ ಹತ್ತಿರ 2.7 ಮೀಟರ್ ಆಗುತ್ತದೆ. ಎತ್ತರದ ಲಾರಿಯ ಮೇಲೆ ಅಂಥ ಕಡ್ಡಿ ನಿಲ್ಲಿಸಿದರೆ ಸೇತುವೆಯ ತಳಕ್ಕೆ ತಾಗದೆ ಇರದು. ಹಾಗಾಗಿ ತಂತಿಯನ್ನು ಸುರುಳಿ ಸುತ್ತಿದ ಗಿಡ್ಡ ಆಂಟೆನಾ ಅನಿವಾರ್ಯ. ಆದರೆ ತೀರಾ ಗಿಡ್ಡದ್ದನ್ನು ಆರಿಸಿಕೊಂಡು, ದೂರದ ಮಾತು ಕೇಳಿಸುತ್ತಿಲ್ಲವೆಂದು ಗೊಣಗುವುದು ನ್ಯಾಯವಲ್ಲ.

ವಾಹನದ ಲೋಹದ ಮೈ ಆಂಟೆನಾದ ಇನ್ನರ್ಧವಿದ್ದಂತೆ. ಕನ್ನಡಿಯ ತೋಳಿಗೆ ಬ್ರಾಕೆಟ್ ಕೂರಿಸುವಾಗ ಬಣ್ಣ ಕೆರೆದು ಹೊಳೆಯುವ ಲೋಹ ಕಾಣಿಸಬೇಕು. ಕ್ಯಾಬಿನ್ ಫೈಬರ್‌ಗ್ಲಾಸಿನದಾಗಿದ್ದರೆ ಬ್ರಾಕೆಟ್ಟಿನಿಂದ ಚಾಸಿಗೆ ಹೆಣೆದ ತಾಮ್ರದ ಅಗಲ ಪಟ್ಟಿ ಎಳೆಯಬೇಕು. ನಾನೇ ಒಮ್ಮೆ ಬಣ್ಣದ ಮೇಲೆಯೇ ಬೋಲ್ಟ್ ಬಿಗಿದು, ಇಡೀ ದಿನ ಕೇಬಲ್ಲನ್ನು ಶಂಕಿಸಿದ್ದುಂಟು.

ಎಸ್‌ಡಬ್ಲ್ಯುಆರ್ ಮೀಟರಿನಲ್ಲಿ (ಕಳಿಸಿದ ಶಕ್ತಿ ಆಂಟೆನಾದಿಂದ ಎಷ್ಟು ಹಿಂದಿರುಗುತ್ತದೆಂದು ತೋರಿಸುವ ಸಾಧನ) ಪರೀಕ್ಷಿಸದೆ ಮಾತಿಗಿಳಿಯಬಾರದು. ಲಾರಿಯನ್ನು ಬಯಲಿನಲ್ಲಿ ನಿಲ್ಲಿಸಿ, ಬಾಗಿಲು ಮುಚ್ಚಿ, 40 ಚಾನೆಲ್‌ಗಳ ಸೆಟ್ಟಿನ ಮೊದಲ ಮತ್ತು ಕೊನೆಯ ಚಾನೆಲ್‌ಗಳಲ್ಲಿ ಅಳೆದಾಗ, ಕೊನೆಯದರಲ್ಲಿ ಅಂಕ ಹೆಚ್ಚಿದ್ದರೆ ಆಂಟೆನಾ ಉದ್ದವಾಯಿತೆಂದೂ, ಮೊದಲನೆಯದರಲ್ಲಿ ಹೆಚ್ಚಿದ್ದರೆ ಗಿಡ್ಡವಾಯಿತೆಂದೂ ಅರ್ಥ. 1.5ರೊಳಗೆ ಬಂದರೆ ಚೆನ್ನ. 3 ದಾಟಿದರೆ ಸೆಟ್ಟಿನ ಔಟ್‌ಪುಟ್ ಟ್ರಾನ್ಸಿಸ್ಟರ್ ಸುಟ್ಟರೂ ಸುಟ್ಟೀತು. ಆಂಟೆನಾ ಮಾರುವವರು ಈ ಅಳತೆಯನ್ನೂ ಎದುರಿಗೇ ಮಾಡಿ ತೋರಿಸಬೇಕೆಂದು ನನ್ನ ಒತ್ತಾಯ.

– ಒಬ್ಬ ಲಾರಿ ಚಾಲಕ