ಮಗಳಿಗೊಂದು ಪತ್ರ: ನುಡಿದೊಡನೆ ಆರತೊಡಗುವ ಸ್ವರ

ನೀರ್ಚಾಲು, ಕಾಸರಗೋಡು
ಆಟಿ ತಿಂಗಳು

ಪ್ರೀತಿಯ ಮಗಳಿಗೆ ಅಮ್ಮನ ಆಶೀರ್ವಾದಗಳು.

ಗುರುಗಳು ಈ ಬಾರಿ ಶೂಮನ್ನನ ‘ಟ್ರಾಯ್ಮೆರೈ’ಯನ್ನು ಪಿಯಾನೊ ಪಾಠಕ್ಕೆ ಕೊಟ್ಟಿದ್ದಾರೆಂದೂ, ಒಂದೇ ವಾರದಲ್ಲಿ ಅದು ಕೈಗೆ ಕುಳಿತಿರುವುದರಿಂದ ಇನ್ನು ಲಿಸ್ಟನ ‘ಲಾ ಕಂಪನೆಲ್ಲ’ದಂಥ ಕಷ್ಟದ ಕೃತಿಗೆ ಹೋಗುವ ಮನಸ್ಸಿದೆಯೆಂದೂ ಬರೆದಿದ್ದೀಯೆ. ನನಗೆ ಇಷ್ಟವಾದ ಪಿಯಾನೊ ಕೃತಿಗಳು ಯಾವುವೆಂದೂ ಕೇಳಿದ್ದೀಯೆ. ಎರಡಕ್ಕೂ ನನ್ನಲ್ಲಿರುವ ಉತ್ತರ ಒಂದೇ ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ವೀಣೆ ಕಲಿತ ನನಗೆ ಪಿಯಾನೊ ಮೊದಮೊದಲು ಬಡ ವಾದ್ಯವಾಗಿ ಕಂಡಿತ್ತು. ವೀಣೆಯಲ್ಲಿ ಮೀಟಿದ ಸ್ವರ ಆರುವುದರೊಳಗೆ ತಂತಿಯನ್ನು ಎಳೆದು, ಜಾರಿಸಿ, ಮುಂದಿನ ಸ್ವರದವರೆಗೆ ಕರೆದೊಯ್ಯಬಹುದು. ಪಿಯಾನೊದಲ್ಲಿ ಅದಕ್ಕೆ ಆಸ್ಪದವಿಲ್ಲ. ಅದರ 88 ಮನೆಗಳಲ್ಲಿ ಯಾವುದನ್ನು ಒತ್ತಿದರೂ ಸುತ್ತಿಗೆಯೊಂದು ತಂತಿಗೆ ಬಡಿದು ಆ ಕ್ಷಣವೇ ಹಿಂದೆ ಸರಿಯುತ್ತದೆ. ಆಮೇಲೆ ಬೆರಳು ಏನು ಮಾಡಿದರೂ ಆ ಸ್ವರ ಹೆಚ್ಚುವುದಿಲ್ಲ, ಬಾಗುವುದಿಲ್ಲ, ಕ್ಷೀಣಿಸುತ್ತಲೇ ಹೋಗುತ್ತದೆ. ನನಗೆ ಪ್ರಿಯವಾದ ಕೃತಿಗಳೆಲ್ಲ ಈ ಕೊರತೆಯನ್ನು ಒಪ್ಪಿಕೊಂಡು, ಅದರ ಮೇಲೆಯೇ ಕಟ್ಟಲ್ಪಟ್ಟಂಥವು.

ಬಾಖ್ 1722ರಲ್ಲಿ ಸಂಕಲಿಸಿದ ‘ವೆಲ್ ಟೆಂಪರ್ಡ್ ಕ್ಲೇವಿಯರ್’ ಮೊದಲ ಸಂಪುಟದ ಮೊದಲನೆಯ ಪ್ರೆಲ್ಯೂಡನ್ನು, ಪೀಠಿಕೆಯಂಥ ಆ ಕಿರುಕೃತಿಯನ್ನು, ನೀನು ಎರಡನೆಯ ವರ್ಷವೇ ನುಡಿಸಿದ್ದೀಯೆ. ಅಲ್ಲಿ ಹಾಡಿಕೊಳ್ಳಬಹುದಾದ ರಾಗವೆಂಬುದು ಬೇರೆಯಾಗಿ ಇಲ್ಲ. ಎಂಟೆಂಟು ಸ್ವರಗಳ ಗೊಂಚಲು ಎರಡೆರಡು ಬಾರಿ ಬಂದು, ಆರುತ್ತಿರುವ ಸ್ವರವನ್ನು ಮತ್ತೆ ಮತ್ತೆ ಹೊತ್ತಿಸುತ್ತದೆ.

1801ರಲ್ಲಿ ಬೇಥೋವನ್ ಬರೆದ ‘ಮೂನ್‌ಲೈಟ್’ ಸೊನಾಟಾದ ಮೊದಲ ಭಾಗದ ದಾರಿ ಬೇರೆ. (ಬೆಳದಿಂಗಳಿನ ಆ ಹೆಸರು ಅವನದಲ್ಲ, ಅವನ ಮರಣಾನಂತರ ಅಂಟಿಕೊಂಡದ್ದು.) ತಂತಿಯ ನಾದವನ್ನು ತಡೆಯುವ ಉಣ್ಣೆಯ ತುಂಡುಗಳನ್ನು ಎತ್ತಿಟ್ಟೇ ಇಡೀ ಭಾಗವನ್ನು ಅತ್ಯಂತ ಮೃದುವಾಗಿ ನುಡಿಸಬೇಕೆಂದು ಅವನು ಸ್ವರಲಿಪಿಯ ಆರಂಭದಲ್ಲಿಯೇ ಸೂಚಿಸಿದ್ದಾನೆ. ಅಂದಿನ ಪಿಯಾನೊಗಳ ನಾದ ಬೇಗ ಆರುತ್ತಿದ್ದುದರಿಂದ ಅದು ಸಾಧ್ಯವಿತ್ತು. ಇಂದಿನ ವಾದ್ಯದಲ್ಲಿ ಆ ತುಂಡುಗಳನ್ನು ಎತ್ತುವ ಪೆಡಲನ್ನು ಹಾಗೆಯೇ ತುಳಿದು ನಿಂತರೆ ಸ್ವರಗಳು ಕಲಸಿಹೋಗುತ್ತವೆ. ಎಲ್ಲಿ ಬಿಡಬೇಕು, ಎಷ್ಟು ಬಿಡಬೇಕು ಎಂಬುದನ್ನು ನಿನ್ನ ಕಿವಿಯೇ ನಿರ್ಧರಿಸಬೇಕು.

ಇದನ್ನು ಬರೆಯುತ್ತಿರುವಾಗ ಹೊರಗೆ ಬಿಡದೆ ಮಳೆ ಸುರಿಯುತ್ತಿದೆ. ಹಂಚಿನ ಮಾಡಿನ ಅಂಚಿನಿಂದ ಜಗಲಿಯ ಬದಿಯ ತಾಮ್ರದ ಹಂಡೆಗೆ ಬೀಳುವ ಹನಿಯ ಸದ್ದು ನಿನಗೆ ನೆನಪಿರಬಹುದು. ಹಂಡೆ ತುಂಬುತ್ತ ಬಂದಂತೆ ಬೀಳುವ ಹನಿ ಅದೇ ಆದರೂ ಅದರ ಸದ್ದಿನ ಗುಣ ಬದಲಾಗುತ್ತದೆ. ಶೋಪಾನ ‘ರೇನ್‌ಡ್ರಾಪ್’ ಪ್ರೆಲ್ಯೂಡನ್ನು ಕೇಳುವಾಗಲೆಲ್ಲ ನನಗೆ ಈ ಹಂಡೆಯೇ ಕಣ್ಣಮುಂದೆ ಬರುತ್ತದೆ. 1839ರಲ್ಲಿ ಪ್ರಕಟವಾದ ಅವನ 24 ಪ್ರೆಲ್ಯೂಡುಗಳಲ್ಲಿ ಅದು 15ನೆಯದು. ನಮ್ಮ ಭಾಗವತರ ಲೆಕ್ಕದಲ್ಲಿ ಅದರ ಶ್ರುತಿ ಕಪ್ಪು ಒಂದು, ಅಂದರೆ ಹಾರ್ಮೋನಿಯಮ್ಮಿನ ಮೊದಲ ಕಪ್ಪು ಮನೆ. ಅದರುದ್ದಕ್ಕೂ ಹನಿಯಂತೆ ಬೀಳುತ್ತಲೇ ಇರುವುದು ಪಂಚಮ. ಮೊದಲ ಭಾಗದಲ್ಲಿ ಶಂಕರಾಭರಣದ ಅಂತರ ಗಾಂಧಾರವಿದೆ. ನಡುವಿನ ಭಾಗ ಬಂದೊಡನೆ ಷಡ್ಜ, ಪಂಚಮಗಳು ಹಾಗೆಯೇ ಉಳಿದು, ಗಾಂಧಾರ ಮಾತ್ರ ಅರ್ಧ ಸ್ವರ ಕೆಳಗಿನ ಸಾಧಾರಣ ಗಾಂಧಾರಕ್ಕೆ ಇಳಿದು, ಹಿತವಾಗಿದ್ದ ಅದೇ ಪಂಚಮ ಭಯ ಹುಟ್ಟಿಸತೊಡಗುತ್ತದೆ. ಸ್ವರ ಬದಲಾಗಿಲ್ಲ, ಸುತ್ತಲಿನದು ಬದಲಾಗಿದೆ. ತಂಬೂರಿಯ ಜೊತೆಯಲ್ಲಿ ಬೆಳೆದ ಕಿವಿಗೆ ಇದನ್ನು ವಿವರಿಸಬೇಕಾಗಿಯೇ ಇಲ್ಲ.

ಇನ್ನು ನಿನ್ನ ‘ಟ್ರಾಯ್ಮೆರೈ’. ಬಾಲ್ಯದ ದೃಶ್ಯಗಳೆಂದು ಶೂಮನ್ 1838ರಲ್ಲಿ ರಚಿಸಿದ 13 ಕಿರುಕೃತಿಗಳಲ್ಲಿ ಇದು ಏಳನೆಯದು; ಕನಸುಣಿತನ ಎಂದು ಅದರ ಹೆಸರಿನ ಅರ್ಥ. ಒಮ್ಮೆ ಅದನ್ನು ಸರಿಗಮದಲ್ಲಿ ಹಾಡಿ ನೋಡು. ಮಂದ್ರ ಪಂಚಮದಿಂದ ಷಡ್ಜಕ್ಕೆ ಬಂದು ನಿಲ್ಲುತ್ತದೆ, ಬಳಿಕ ನಿ ಸ ಗ ಪ ಎಂದು ಏರಿ ತಾರಷಡ್ಜವನ್ನು ಮುಟ್ಟುತ್ತದೆ. ಎರಡನೆಯ ಬಾರಿ ಅದೇ ದಾರಿಯಲ್ಲಿ ಹೊರಟರೂ ತಾರಷಡ್ಜವನ್ನು ದಾಟಿ ಗಾಂಧಾರಕ್ಕೆ ಹಾರುತ್ತದೆ. ಕೃತಿಯ ಕೊನೆಯಲ್ಲಿ ಆ ಗಾಂಧಾರ ಮತ್ತೆ ಬರುವಾಗ ಅದರ ಕೆಳಗೆ ಒಟ್ಟಿಗೆ ನುಡಿಯುವ ಸ್ವರಗಳ ಮೇಳ ಬೇರೆಯಾಗಿದೆ. ಶೂಮನ್ ಅಲ್ಲಿ ತಂಗುವ ಚಿಹ್ನೆಯನ್ನೂ ಇಟ್ಟಿದ್ದಾನೆ. ಬೆರಳಿಗೆ ಇದರಲ್ಲಿ ಕಷ್ಟವೇನೂ ಇಲ್ಲ ಎಂಬ ನಿನ್ನ ಮಾತು ನಿಜ. ಆದರೆ ಮೊದಲು ನಿಂತ ಆ ಷಡ್ಜ ಎಷ್ಟು ಆರಿದೆಯೆಂಬುದನ್ನು ಕೇಳಿಸಿಕೊಂಡು, ಅಷ್ಟೇ ತೂಕದಲ್ಲಿ ನಿಷಾದವನ್ನು ಇಡದಿದ್ದರೆ ಎಳೆ ಅಲ್ಲಿಯೇ ತುಂಡಾಗುತ್ತದೆ. ನೀನು ಕಳುಹಿಸಿದ ಧ್ವನಿಮುದ್ರಣದಲ್ಲಿ ಅದು ಮೂರು ಕಡೆ ತುಂಡಾಗಿದೆ, ಮಗಳೇ.

ಪಿಯಾನೊ ವಾದಕ ಹೊರೊವಿಟ್ಜ್ 61 ವರ್ಷಗಳ ಬಳಿಕ ತಾಯ್ನಾಡಿನತ್ತ ಮರಳಿ, 1986ರಲ್ಲಿ ಮಾಸ್ಕೋದಲ್ಲಿ ಕಛೇರಿ ಕೊಟ್ಟಾಗ ಅವರ ಪ್ರಾಯ 82. ಎಂಥ ಕಠಿಣ ಕೃತಿಯನ್ನೂ ಲೀಲಾಜಾಲವಾಗಿ ನುಡಿಸಬಲ್ಲವರೆಂದು ಲೋಕವೇ ಬಲ್ಲ ಆ ಕಲಾವಿದರು ಕಛೇರಿಯ ಕೊನೆಯಲ್ಲಿ ಮತ್ತೊಂದು ಬೇಕೆಂದ ಸಭೆಗೆ ನುಡಿಸಿದ್ದು ಈ ‘ಟ್ರಾಯ್ಮೆರೈ’ಯನ್ನೇ. ಅದರ ಚಿತ್ರೀಕರಣವನ್ನು ಹುಡುಕಿ ನೋಡು. ಸಭೆಯಲ್ಲಿ ಕುಳಿತವರೊಬ್ಬರ ಕೆನ್ನೆಯ ಮೇಲೆ ಕಣ್ಣೀರು ಇಳಿಯುವುದು ಕಾಣುತ್ತದೆ.

‘ಲಾ ಕಂಪನೆಲ್ಲ’ ಬೇಡವೆಂದು ನಾನು ಹೇಳುತ್ತಿಲ್ಲ. ಈ ಕೃತಿಯನ್ನು ಇನ್ನೊಂದು ತಿಂಗಳು ಕೈಬಿಡಬೇಡ ಎಂದಷ್ಟೇ ನನ್ನ ಕೇಳಿಕೆ. ದಿನಕ್ಕೆ ಹತ್ತು ನಿಮಿಷ ಮೊದಲ ಎರಡು ಸಾಲುಗಳನ್ನು ಮಾತ್ರ ನುಡಿಸು. ದೀಪಾವಳಿಗೆ ಬರುವಾಗ ಸ್ವರಲಿಪಿಯ ಪುಸ್ತಕವನ್ನು ಮರೆಯದೆ ತಾ. ವೀಣೆಗೆ ಹೊಸ ತಂತಿ ಕಟ್ಟಿಸಿ ಇಟ್ಟಿರುತ್ತೇನೆ. ನಿ ಸ ಗ ಪ ಏರುವ ಆ ಸಾಲನ್ನು ನಾನೂ ನುಡಿಸಿ ನೋಡಬೇಕೆಂದಿದೆ.

ನಿನ್ನ,
ಅಮ್ಮ