ಓಣಿಯ ಟಿಸಿ ಲೆಕ್ಕ ಫೇಸ್‌ವಾರು ಆಗಲಿ

ಮಾನ್ಯ ಸಂಪಾದಕರೇ,

ಬೆಳಗಾವಿಯಲ್ಲಿ ವಿದ್ಯುತ್ ವಾಹನ ಹೆಚ್ಚಿದರೆ ಕರೆಂಟ್ ಸಾಲುತ್ತದೆಯೇ ಎಂದು ಕೇಳುವವರೆಲ್ಲ ಯೂನಿಟ್ ಲೆಕ್ಕ ಹಾಕುತ್ತಾರೆ. ಯೂನಿಟ್‌ನ ಚಿಂತೆ ಅಷ್ಟಿಲ್ಲ. ದಿನಕ್ಕೆ 30 ಕಿ.ಮೀ. ಓಡುವ ಸ್ಕೂಟರ್‌ಗೆ ಹೆಚ್ಚುಕಡಿಮೆ ಒಂದೇ ಯೂನಿಟ್ ಸಾಕು. ತೊಡಕಿರುವುದು ಓಣಿಯ ಟಿಸಿಯಲ್ಲಿ (ಟ್ರಾನ್ಸ್‌ಫಾರ್ಮರ್), ಅದರಲ್ಲೂ ಅದರಿಂದ ಮನೆಗಳಿಗೆ ಹೊರಡುವ ಆರ್, ವೈ, ಬಿ ಎಂಬ ಮೂರು ಕರೆಂಟ್ ತಂತಿಗಳ, ಅಂದರೆ ಒಂದೊಂದು ಫೇಸ್‌ನಲ್ಲಿ.

100 ಕೆವಿಎ ಸಾಮರ್ಥ್ಯದ ಟಿಸಿಯ ಒಂದು ಫೇಸ್ ತಾಳಿಕೊಳ್ಳುವುದು ಸುಮಾರು 133 ಆಂಪಿಯರ್. ರಾತ್ರಿ ಎಂಟಕ್ಕೆ ಆರ್ ಫೇಸ್‌ನಲ್ಲಿ 115, ವೈನಲ್ಲಿ 70, ಬಿಯಲ್ಲಿ 65 ಹರಿಯುತ್ತಿದೆ ಎಂದುಕೊಳ್ಳಿ. ಮೂರನ್ನೂ ಕೂಡಿಸಿದರೆ ಟಿಸಿಯ ಸಾಮರ್ಥ್ಯದ ಶೇ 63 ಲೋಡ್. ಕಾಗದದ ಮೇಲೆ ನಿರಾಳ. ಆರ್ ಫೇಸ್‌ನ ಮನೆಯೊಂದಕ್ಕೆ 7.2 ಕಿಲೋವ್ಯಾಟ್ ಕಾರ್ ಚಾರ್ಜರ್ ಬಂತೆನ್ನಿ. ಅದೊಂದೇ 31 ಆಂಪಿಯರ್ ಎಳೆಯುತ್ತದೆ, ಆರ್ 146ಕ್ಕೆ ಏರಿತು. ಪಕ್ಕದ ಮನೆಗೂ ಬಂದರೆ 177. ಆಗಲೂ ಟಿಸಿಯ ಸರಾಸರಿ ಶೇ 78 ಅಷ್ಟೇ! ಫ್ಯೂಸ್ ಹೋಗುತ್ತದೆ; ದಪ್ಪ ತಂತಿ ಕಟ್ಟಿದರೆ ಫ್ಯೂಸ್ ಉಳಿದು ಟಿಸಿಯೊಳಗಿನ ವೈಂಡಿಂಗ್ (ತಂತಿ ಸುರುಳಿ) ಸುಡುತ್ತದೆ. ಫೇಸ್‌ಗಳ ಏರುಪೇರಿನ ಕರೆಂಟ್ ನ್ಯೂಟ್ರಲ್‌ನಲ್ಲಿ (ಕರೆಂಟ್ ಮರಳುವ ತಂತಿ) ಹರಿದು ಅದರ ಸಡಿಲ ಜಂಪರ್ (ತಂತಿ ಕೂಡಿಸುವ ತುಂಡು) ಕಿತ್ತುಹೋಯಿತೋ, ಲೋಡ್ ಕಡಿಮೆಯಿದ್ದ ಫೇಸ್‌ನ ಮನೆಗಳಿಗೆ 300 ವೋಲ್ಟ್ ದಾಟಿ ಬಂದು ಟಿವಿ, ಫ್ರಿಜ್ ಹಾಳಾಗಬಹುದು.

ವಡಗಾವಿ, ಖಾಸಬಾಗದ ಓಣಿಗಳಲ್ಲಿ ವಿದ್ಯುತ್ ಮಗ್ಗಗಳಿವೆ. ಲೈನ್‌ನ ಕೊನೆಯಲ್ಲಿ ವೋಲ್ಟೇಜ್ ಕುಸಿದರೆ ಸ್ಕೂಟರ್ ಚಾರ್ಜರ್ ತಾಳಿಕೊಳ್ಳುತ್ತದೆ, ಮಗ್ಗದ ಮೋಟರ್ ಮಾತ್ರ ಹೆಚ್ಚು ಕರೆಂಟ್ ಎಳೆದು ಬಿಸಿಯಾಗಿ ಸುಟ್ಟುಹೋಗಬಹುದು. ರಿವೈಂಡಿಂಗ್ ಖರ್ಚು ನೇಕಾರನ ತಲೆಗೆ ಬೀಳುವುದು ಯಾವ ನ್ಯಾಯ?

ಬೆಳಗಾವಿಯ ಕೆಎ-22 ವಾಹನ ನೋಂದಣಿ ಎಣಿಸಿ ಮಾಡುವ ಅಂದಾಜಿನಲ್ಲಿ ಇದ್ಯಾವುದೂ ಕಾಣದು. ಕಾರುಗಳು ಊರತುಂಬ ಸಮನಾಗಿ ಹಂಚಿಹೋಗುವುದಿಲ್ಲ. ಟಿಳಕವಾಡಿ, ಸದಾಶಿವನಗರದಂತೆ ಅಂಗಳದಲ್ಲಿ ನಿಲ್ಲಿಸಲು ಜಾಗವಿದ್ದಲ್ಲಿ ಗುಂಪುಗೂಡುತ್ತವೆ. ಚಾರ್ಜರ್ ಇರುವ ಮನೆಯ ಆರ್‌ಆರ್ ನಂಬರ್‌ನ (ವಿದ್ಯುತ್ ಸಂಪರ್ಕದ ಸಂಖ್ಯೆ) ಜೊತೆಗೆ ಟಿಸಿ, ಕಂಬ, ಫೇಸ್ ಮೂರನ್ನೂ ಹೆಸ್ಕಾಂ ದಾಖಲಿಸಲಿ. ಏಪ್ರಿಲ್-ಮೇ ಬಿಸಿಲಿನ ದಿನಗಳಲ್ಲಿ ರಾತ್ರಿ 7ರಿಂದ 11ರವರೆಗೆ ಗಂಟೆಗೊಮ್ಮೆ ಟಾಂಗ್ ಟೆಸ್ಟರ್ (ಕರೆಂಟ್ ಅಳೆಯುವ ಇಕ್ಕಳ) ಹಾಕಿ ಮೂರು ಫೇಸ್‌ಗಳ ಜೊತೆ ನ್ಯೂಟ್ರಲ್ ಕರೆಂಟನ್ನೂ ಬರೆದಿಡಬೇಕು. ಏರುಪೇರು ಕಂಡಲ್ಲಿ ನಾಲ್ಕೈದು ಮನೆಗಳ ಸರ್ವಿಸ್ ವೈರನ್ನು ಬೇರೆ ಫೇಸ್‌ಗೆ ಕೂಡಿಸಿದರೆ ಎಷ್ಟೋ ಕಡೆ ಹೊಸ ಟಿಸಿಯೇ ಬೇಕಾಗದು.

ರಾತ್ರಿ 11ರ ನಂತರ ಚಾರ್ಜ್ ಮಾಡಿ ಎಂದಷ್ಟೇ ಹೇಳಿದರೆ ಎಲ್ಲರ ಟೈಮರ್ 11ಕ್ಕೇ ಶುರುವಾಗಿ ಹೊಸ ಪೀಕ್ ಹುಟ್ಟುತ್ತದೆ. ಆರ್‌ಆರ್ ನಂಬರ್‌ನ ಕೊನೆಯ ಅಂಕಿ ಬೆಸವಿದ್ದವರು 11ಕ್ಕೆ, ಸಮವಿದ್ದವರು 2ಕ್ಕೆ ಹಚ್ಚಲಿ. ದಿನಕ್ಕೆ 40 ಕಿ.ಮೀ. ಓಡುವ ಕಾರಿಗೆ 7.2 ಕಿಲೋವ್ಯಾಟ್ ಚಾರ್ಜರ್‌ನಲ್ಲಿ ಒಂದು ಗಂಟೆ ಸಾಕು. ಬೆಳಿಗ್ಗೆ ಯಾರ ಗಾಡಿಯೂ ಖಾಲಿ ಇರದು.

– ಒಬ್ಬ ವಿದ್ಯುತ್ ತಂತ್ರಜ್ಞ, ಬೆಳಗಾವಿ